ಶ್ರೀಲಂಕಾ ಪ್ರವಾಸ: ಎಂಟು ರಾತ್ರಿಗೆ ಒಂಬತ್ತು ಊರು ಬೇಡ

ಪ್ರಶ್ನೆ: ನಾವು ಉಡುಪಿಯವರು. ಮಕ್ಕಳ ಏಪ್ರಿಲ್-ಮೇ ರಜೆಯಲ್ಲಿ ಶ್ರೀಲಂಕಾಕ್ಕೆ ಹೋಗುವ ಯೋಚನೆಯಿದೆ. ನಾನು, ಗಂಡ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, ಜೊತೆಗೆ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಮೊಣಗಂಟು ನೋವು, ಶುದ್ಧ ಸಸ್ಯಾಹಾರಿ, ನೀರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಏಜೆನ್ಸಿಯವರು ಆರು ರಾತ್ರಿಯ ಪ್ಯಾಕೇಜ್ ಕೊಟ್ಟಿದ್ದಾರೆ: ಪಿನ್ನವಲ, ಕ್ಯಾಂಡಿ, ನುವರ ಎಲಿಯ, ‘ಎಲ್ಲ’, ಯಾಲ, ಮಿರಿಸ್ಸ, ಗಾಲೆ, ಬೆಂತೋಟ, ಕೊಲಂಬೊ. ಬೇಕಾದರೆ ಎಂಟು ರಾತ್ರಿ ಇರುವಷ್ಟು ಬಿಡುವು ನಮಗಿದೆ. ಇದು ಸರಿಯೇ? ಅದರ ಬದಲು ಮಾಲ್ಡೀವ್ಸ್ ಒಳ್ಳೆಯದೇ? ಅತ್ತೆಯ ಊಟಕ್ಕೆ ಏನು ಮಾಡುವುದು?

ಉತ್ತರ: ಖಂಡಿತ ಹೋಗಿ ಬನ್ನಿ. ಅತ್ತೆಯನ್ನೂ ಕರೆದುಕೊಂಡೇ ಹೋಗಿ, ಮೆಟ್ಟಿಲು ಹತ್ತಲಾಗದವರು ನೋಡಬಹುದಾದದ್ದು ಅಲ್ಲಿ ಬೇಕಾದಷ್ಟಿದೆ. ಆದರೆ ಆ ಪ್ಯಾಕೇಜಿಗೆ ಮುಂಗಡ ಕೊಡಬೇಡಿ. ಜನವರಿಯಲ್ಲಿ ದಿಲ್ಲಿಯಿಂದ ಹೊರಡುವ ಹೊಸ ಜೋಡಿಗೆ ಅದು ಹೇಳಿ ಮಾಡಿಸಿದಂತಿದೆ. ಏಪ್ರಿಲ್ ಕೊನೆಯಲ್ಲಿ ಕರಾವಳಿಯಿಂದ ಹೊರಡುವ ಐದು ಜನರ ಸಂಸಾರಕ್ಕೆ ಅದರ ದಾರಿಯೂ ಸರಿಯಿಲ್ಲ, ದಿಕ್ಕೂ ಸರಿಯಿಲ್ಲ.

ದಾರಿಯ ಮಾತು ಮೊದಲು. ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಕೈಗೆಟಕುವ ಹಾಗೆ ಕಾಣುತ್ತದೆ. ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವ ಎಕ್ಸ್‌ಪ್ರೆಸ್‌ವೇ ಚೆನ್ನಾಗಿದೆ, ವಿಮಾನ ನಿಲ್ದಾಣದಿಂದ ಕೊಲಂಬೊಗೂ ಹಾಗೆಯೇ. ಉಳಿದ ಕಡೆ ಹೆಚ್ಚಾಗಿ ಊರಿನ ನಡುವೆಯೇ ಹಾದು ಹೋಗುವ ಎರಡು ಲೇನಿನ ರಸ್ತೆ. ಉಡುಪಿಯಿಂದ ಮಂಗಳೂರಿಗೆ ಒಂದು ಗಂಟೆಯಲ್ಲಿ ಮುಟ್ಟಿ ಅಭ್ಯಾಸವಾದವರು ಅಲ್ಲಿ ಅಷ್ಟೇ ದೂರಕ್ಕೆ ಎರಡು ಗಂಟೆ ಹಿಡಿದುಕೊಳ್ಳಬೇಕು, ಬೆಟ್ಟದ ದಾರಿಯಾದರೆ ಇನ್ನೂ ಸ್ವಲ್ಪ ಹೆಚ್ಚು. ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎಂಬತ್ತು ಕಿಲೋಮೀಟರ್ ಒಳಗೇ ಇದೆ. ತಿರುವುಗಳಲ್ಲಿ ಮೂರು ಗಂಟೆ ಹೋಗುತ್ತದೆ, ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಇನ್ನೂ ಅರ್ಧ ಗಂಟೆ ಸೇರಿಸಿ. ಒಂಬತ್ತು ಊರು, ಆರು ರಾತ್ರಿ ಎಂದರೆ ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದು, ದಿನಾ ಸಂಜೆ ಬಿಚ್ಚುವುದು. ನಿಮ್ಮ ಅತ್ತೆ ಆ ದೇಶವನ್ನು ಕಾರಿನ ಕಿಟಕಿಯಿಂದ ನೋಡಿ ಬರುತ್ತಾರೆ, ಅದೂ ಕಾಲು ಊದಿಸಿಕೊಂಡು.

ದಿಕ್ಕಿನ ಮಾತು ಇನ್ನೂ ಮುಖ್ಯ, ಪ್ಯಾಕೇಜಿನ ಕಾಗದದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ನಮಗೆ ಜೂನ್‌ನಲ್ಲಿ ಬರುವ ನೈರುತ್ಯ ಮುಂಗಾರು ಅವರಿಗೂ ಬರುತ್ತದೆ, ನಮಗಿಂತ ಸ್ವಲ್ಪ ಮೊದಲು, ಮೇ ಕೊನೆಯ ವೇಳೆಗೆ. ಆದರೆ ಅದು ನೆನೆಸುವುದು ದ್ವೀಪದ ಪಶ್ಚಿಮ, ದಕ್ಷಿಣ ಮತ್ತು ನಡುವಿನ ಬೆಟ್ಟಗಳನ್ನು. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಹೇಗೆ ಬತ್ತಿಹೋಗುತ್ತದೋ ಅಲ್ಲೂ ಹಾಗೆಯೇ: ಬೆಟ್ಟ ದಾಟಿದ ಪೂರ್ವ ತೀರ ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಗಿ ಬೆಚ್ಚಗಿರುತ್ತದೆ. ಪೂರ್ವಕ್ಕೆ ಮಳೆಗಾಲ ಡಿಸೆಂಬರ್‌ನಿಂದ ಫೆಬ್ರವರಿ, ಈಶಾನ್ಯ ಮಾರುತದಿಂದ. ಹಾಗಾಗಿ ಮಿರಿಸ್ಸ, ಬೆಂತೋಟ, ಗಾಲೆಯ ಕಡಲು ಚೆನ್ನಾಗಿರುವುದು ಡಿಸೆಂಬರ್‌ನಿಂದ ಏಪ್ರಿಲ್ ಮೊದಲ ಭಾಗದವರೆಗೆ. ಮಿರಿಸ್ಸದ ತಿಮಿಂಗಿಲ ನೋಡುವ ದೋಣಿಗಳ ಕಾಲವೂ ಅಲ್ಲಿಗೇ ಮುಗಿಯುತ್ತ ಬರುತ್ತದೆ. ನೀವು ಹೋಗುವ ಹೊತ್ತಿಗೆ ಆ ಕಡೆ ಅಲೆ ಏಳತೊಡಗಿರುತ್ತದೆ, ಕೆಂಪು ಬಾವುಟ ಹಾರುತ್ತಿರುತ್ತದೆ. ಮೇ ಕೊನೆಯ ಮಲ್ಪೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಾರೀಖು ಹಾಕುವಾಗ ಇನ್ನೊಂದು ಜಾಗ್ರತೆ. ನಮಗೆ ಬಿಸು ಪರ್ಬ ಬರುವ ಹೊತ್ತಿಗೇ, ಏಪ್ರಿಲ್ 13 ಮತ್ತು 14ರಂದು, ಅಲ್ಲಿ ಸಿಂಹಳ-ತಮಿಳು ಹೊಸ ವರ್ಷ. ದೇಶಕ್ಕೆ ದೇಶವೇ ಊರಿಗೆ ಹೊರಡುತ್ತದೆ. ಅಂಗಡಿ, ಸಣ್ಣ ಹೋಟೆಲುಗಳು ಬಾಗಿಲು ಹಾಕುತ್ತವೆ, ಚಾಲಕರು ಮನೆ ಸೇರಿರುತ್ತಾರೆ, ನುವರ ಎಲಿಯದಲ್ಲಂತೂ ಏಪ್ರಿಲ್ ಇಡೀ ಅವರ ದೊಡ್ಡ ಸೀಸನ್, ರೂಮಿನ ಬೆಲೆ ಹೇಳುವ ಹಾಗಿಲ್ಲ. ಹೊಸ ವರ್ಷದ ಗದ್ದಲ ಇಳಿದ ಮೇಲೆ, ಏಪ್ರಿಲ್ 20ರ ಆಚೆ ಹೊರಡಿ. ವೆಸಾಕ್ ಹುಣ್ಣಿಮೆ, ಅಂದರೆ ನಮ್ಮ ಬುದ್ಧ ಪೂರ್ಣಿಮೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬೀಳುತ್ತದೆ. ಆ ವರ್ಷದ ತಾರೀಖು ನಿಮ್ಮ ದಿನಗಳ ನಡುವೆ ಬಂದರೆ ಅದೃಷ್ಟ. ಮನೆ ಮನೆಯಲ್ಲಿ ಬಿದಿರು ಕಡ್ಡಿ, ಬಣ್ಣದ ಕಾಗದದ ಗೂಡುದೀಪ ತೂಗುತ್ತವೆ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಅನ್ನ, ಪಾನಕ ಕೊಡುವ ಚಪ್ಪರಗಳಿರುತ್ತವೆ. ರಸ್ತೆಯಲ್ಲಿ ಜನಜಂಗುಳಿಯೂ ಇರುತ್ತದೆ, ಆ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ.

ಈಗ ನನ್ನ ಮುಖ್ಯ ಮಾತು. ಉಡುಪಿಯವರು ಶ್ರೀಲಂಕಾಕ್ಕೆ ಹೋದಾಗ ತೆಂಗಿನ ತೋಟ, ಕಡಲ ದಂಡೆ, ಹಸುರು ಘಟ್ಟ, ಮಂಜು ಇವುಗಳ ಹಿಂದೆ ಓಡಬಾರದು. ಇವೆಲ್ಲ ನಿಮ್ಮ ಹಿತ್ತಿಲಿನಲ್ಲೇ ಇವೆ. ನಮ್ಮಲ್ಲಿ ಇಲ್ಲದ್ದು, ಅಲ್ಲಿ ಮಾತ್ರ ಇರುವುದು ದ್ವೀಪದ ಉತ್ತರ-ಮಧ್ಯ ಭಾಗದ ಒಣ ಬಯಲು, ಅವರು ರಾಜರಟ ಎಂದು ಕರೆಯುವ ನಾಡು. ಅನುರಾಧಪುರ, ಪೊಲೊನ್ನರುವ, ಸಿಗಿರಿಯ ಇರುವುದು ಅಲ್ಲಿ. ವರ್ಷದಲ್ಲಿ ಕೆಲವೇ ತಿಂಗಳು ಮಳೆ ಬೀಳುವ ನೆಲದಲ್ಲಿ ಕೆರೆ ಕಟ್ಟಿ, ಕೆರೆಯ ಕೋಡಿ ನೀರನ್ನು ಕೆಳಗಿನ ಕೆರೆಗೆ ಬಿಟ್ಟು, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಇಳಿಸಿ, ಭತ್ತ ಬೆಳೆದು, ಆ ಭತ್ತದ ಬಲದ ಮೇಲೆ ನಗರ ಕಟ್ಟಿದವರ ನಾಡು. ನಿಮ್ಮ ಪ್ಯಾಕೇಜಿನ ಒಂಬತ್ತು ಊರುಗಳಲ್ಲಿ ಇದರ ಒಂದು ಹೆಸರೂ ಇಲ್ಲ ಎಂಬುದೇ ನನಗೆ ಬೇಸರ.

ಪೊಲೊನ್ನರುವದಲ್ಲಿ ಮೊದಲು ನೋಡಬೇಕಾದದ್ದು ಪರಾಕ್ರಮ ಸಮುದ್ರ. ಹೆಸರು ಸಮುದ್ರ, ಇರುವುದು ಕೆರೆ. ಹನ್ನೆರಡನೇ ಶತಮಾನದಲ್ಲಿ ಆಳಿದ ಒಂದನೇ ಪರಾಕ್ರಮಬಾಹು ಹಳೆಯ ಕೆರೆಗಳನ್ನು ಕೂಡಿಸಿ ಇದನ್ನು ಕಟ್ಟಿಸಿದ. ಮಳೆಯ ಒಂದು ಹನಿಯೂ ಜನರ ಉಪಯೋಗಕ್ಕೆ ಬಾರದೆ ಕಡಲು ಸೇರಬಾರದು ಎಂದು ಅವನು ಹೇಳಿದ್ದಾಗಿ ಅವರ ಹಳೆಯ ಚರಿತ್ರೆ ಹೇಳುತ್ತದೆ. ಇಂದಿಗೂ ಆ ನೀರಿನಲ್ಲಿ ಗದ್ದೆ ಬೆಳೆಯುತ್ತದೆ. ಏರಿಯ ಮೇಲೆ ಕಾರು ಹೋಗುತ್ತದೆ, ಅತ್ತೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು. ಮಕ್ಕಳಿಗೆ ತೂಬಿನ ಜಾಣ್ಮೆಯನ್ನು ತಿಳಿಸಿ ಹೇಳಿ: ದೊಡ್ಡ ಕೆರೆಯ ನೀರನ್ನು ನೇರ ಕಾಲುವೆಗೆ ಬಿಟ್ಟರೆ ಒತ್ತಡಕ್ಕೆ ತೂಬೇ ಒಡೆದು ಏರಿ ಕೊಚ್ಚಿಹೋಗುತ್ತದೆ. ಅದಕ್ಕೆ ಏರಿಯ ಒಳಗೆ ಕಲ್ಲು ಕಟ್ಟಿದ ಚೌಕದ ಬಾವಿಯೊಂದನ್ನು ಇಟ್ಟು, ನೀರು ಅದರಲ್ಲಿ ಬಿದ್ದು ರಭಸ ಕಳೆದುಕೊಂಡ ಮೇಲೆ ಹೊರಗೆ ಬಿಟ್ಟರು. ಬಿಸೋಕೊಟುವ ಎನ್ನುತ್ತಾರೆ. ಎರಡು ಸಾವಿರ ವರ್ಷದಷ್ಟು ಹಿಂದೆಯೇ ಅವರ ಬಳಿ ಈ ವಿದ್ಯೆಯಿತ್ತು. ಎಂಟನೇ ಕ್ಲಾಸಿನಲ್ಲಿ ಒತ್ತಡದ ಪಾಠ ಓದುತ್ತಿರುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದಿಲ್ಲ.

ಅಲ್ಲೇ ಗಲ್ ವಿಹಾರ ಇದೆ. ಒಂದೇ ಉದ್ದನೆಯ ಬಂಡೆಯ ಮುಖದಲ್ಲಿ ಕೆತ್ತಿದ ನಾಲ್ಕು ವಿಗ್ರಹಗಳು. ಕೊನೆಯದು ಮಲಗಿದ ಬುದ್ಧ, ಸುಮಾರು ಹದಿನಾಲ್ಕು ಮೀಟರ್ ಉದ್ದ. ಹೆಚ್ಚಿನವರು ಎದುರಿಗೆ ನಿಂತು ಫೋಟೊ ತೆಗೆದು ಹೋಗುತ್ತಾರೆ. ನೀವು ತಲೆಯ ಕಡೆ ಸರಿದು ದಿಂಬನ್ನು ನೋಡಿ. ತಲೆ ಇಟ್ಟ ಜಾಗದಲ್ಲಿ ಕಲ್ಲಿನ ದಿಂಬು ಮೆತ್ತಗೆ ಕುಸಿದಿದೆ, ಹತ್ತಿಯದ್ದೇ ಇರಬೇಕು ಎನ್ನುವ ಹಾಗೆ. ಆಮೇಲೆ ಕಾಲಿನ ಕಡೆ ಬನ್ನಿ. ಎರಡೂ ಪಾದಗಳ ಬೆರಳು ಒಂದೇ ಸಾಲಿನಲ್ಲಿಲ್ಲ, ಮೇಲಿನ ಪಾದ ತುಸು ಹಿಂದೆ ಸರಿದಿದೆ. ಇದು ನಿದ್ದೆಯಲ್ಲ, ಪರಿನಿರ್ವಾಣ ಎಂದು ಶಿಲ್ಪಿ ಅಷ್ಟರಲ್ಲೇ ತಿಳಿಸಿದ್ದಾನೆ. ಬಂಡೆಯೊಳಗಿನ ಕಪ್ಪು ಗೆರೆಗಳು ಮುಖ, ಭುಜ, ಮೈಮೇಲೆಲ್ಲ ಅಲೆಯಲೆಯಾಗಿ ಹಾದುಹೋಗಿವೆ. ಕಾರ್ಕಳದ ಗೊಮ್ಮಟನ ಕಾಲಬಳಿ ನಿಂತು ಬೆಳೆದ ಮಕ್ಕಳಿಗೆ ಕಲ್ಲು ಕೆತ್ತುವುದೆಂದರೆ ಏನೆಂದು ಗೊತ್ತಿರುತ್ತದೆ, ಅವರು ಇದನ್ನು ಬೇಗ ಹಿಡಿಯುತ್ತಾರೆ.

ಪೊಲೊನ್ನರುವ ಸಪಾಟಾದ ಊರು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಾರಿನಲ್ಲೇ ಹೋಗಬಹುದು. ಅತ್ತೆಯ ದೃಷ್ಟಿಯಿಂದ ನಾನು ಅನುರಾಧಪುರ ಬಿಟ್ಟು ಇದನ್ನೇ ಆರಿಸಿದ್ದು. ಹನ್ನೊಂದನೇ ಶತಮಾನದಲ್ಲಿ ಚೋಳರು ಇಲ್ಲಿ ಕೂತು ಆಳಿದ್ದರಿಂದ ಪೂರ್ತಿ ಕಲ್ಲಿನಲ್ಲೇ ಕಟ್ಟಿದ ಪುಟ್ಟ ಶಿವಾಲಯವೂ ಇದೆ. ಬೌದ್ಧ ಸ್ಥಳಗಳಲ್ಲೆಲ್ಲ ಚಪ್ಪಲಿ, ಟೋಪಿ ತೆಗೆಯಬೇಕು. ಏಪ್ರಿಲ್ ಬಿಸಿಲಿಗೆ ಹತ್ತು ಗಂಟೆಯ ಹೊತ್ತಿಗೇ ಕಲ್ಲುಹಾಸು ಕಾದ ಕಾವಲಿ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ, ಸಾಕ್ಸ್ ಹಾಕಿ ನಡೆಯಲು ಅಡ್ಡಿಯಿಲ್ಲ. ಬೆಳಿಗ್ಗೆ ಏಳಕ್ಕೆ ಒಳಗಿದ್ದು ಹತ್ತೂವರೆಗೆ ಹೊರಬಿದ್ದರೆ ಒಳ್ಳೆಯದು. ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವುದನ್ನು ಅಲ್ಲಿ ಯಾರೂ ಸಹಿಸುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ.

ಸಿಗಿರಿಯಕ್ಕೆ ಇನ್ನೊಂದು ಬೆಳಿಗ್ಗೆ ಕೊಡಿ. ಐದನೇ ಶತಮಾನದ ಕಾಶ್ಯಪ ರಾಜ ಬಂಡೆಯ ನೆತ್ತಿಯಲ್ಲಿ ಕಟ್ಟಿದ ಅರಮನೆ, ಸುಮಾರು 1,200 ಮೆಟ್ಟಿಲು. ಅತ್ತೆ ಹತ್ತುವುದು ಬೇಡ. ಆದರೆ ಅವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ: ಬಂಡೆಯ ಬುಡದಲ್ಲಿ ಅಷ್ಟೇ ಹಳೆಯ ಜಲೋದ್ಯಾನವಿದೆ, ಸಮತಟ್ಟಾದ ಹಾದಿ, ಮರದ ನೆರಳು, ಕೊಳಗಳು. ನೀವಿಬ್ಬರಲ್ಲಿ ಒಬ್ಬರು ಅವರ ಜೊತೆ ಅಲ್ಲಿ ಕೂತುಕೊಳ್ಳಿ, ಇನ್ನೊಬ್ಬರು ಮಕ್ಕಳೊಂದಿಗೆ ಹತ್ತಿ. ನಡುದಾರಿಯ ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಅದನ್ನು ದಾಟಿದ ಮೇಲೆ ಸಿಗುವ ಕನ್ನಡಿ ಗೋಡೆಯ ಹತ್ತಿರ ಸ್ವಲ್ಪ ನಿಲ್ಲಿ. ಸಾವಿರ ವರ್ಷದ ಹಿಂದೆ ಬಂದ ಪ್ರವಾಸಿಗರು ಆ ಚಿತ್ರಗಳನ್ನು ನೋಡಿ ಗೋಡೆಯ ಮೇಲೆ ಗೀಚಿದ ಪದ್ಯಗಳಿವೆ. ಸೆನರತ್ ಪರಣವಿತಾನ ಎಂಬ ವಿದ್ವಾಂಸರು ಅವುಗಳಲ್ಲಿ 685 ಪದ್ಯಗಳನ್ನು ಓದಿ ಬಿಡಿಸಿಟ್ಟರು. ಈ ಸ್ಮಾರಕಗಳ ಟಿಕೆಟ್ ವಿದೇಶಿಯರಿಗೆ ದುಬಾರಿ, ಸಾರ್ಕ್ ದೇಶದವರಿಗೆ ಕಡಿಮೆ ದರ ಇರುತ್ತದೆ. ಅದಕ್ಕೆ ಪಾಸ್‌ಪೋರ್ಟ್ ಬೇಕು, ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೋಗಬೇಡಿ. ಏಜೆನ್ಸಿಯ ಲೆಕ್ಕದಲ್ಲಿ ಪೂರ್ತಿ ದರ ಹಾಕಿದ್ದಾರೋ ಕಡಿಮೆಯದೋ ಅದನ್ನೂ ಕೇಳಿ.

ಇವೆರಡಕ್ಕೂ ನಡುವಿನ ಬಿಡಾರ ಹಬರಣ. ಮೂರು ರಾತ್ರಿ ಅಲ್ಲೇ ಇರಿ, ಪೆಟ್ಟಿಗೆ ಒಮ್ಮೆ ಮಾತ್ರ ಬಿಚ್ಚಿ. ಒಂದು ಸಂಜೆ ಮಕ್ಕಳನ್ನು ಆನೆ ನೋಡಲು ಜೀಪಿನಲ್ಲಿ ಕರೆದೊಯ್ಯಬಹುದು. ಮಿನ್ನೇರಿಯ, ಕೌಡುಲ್ಲ, ಹುರುಲು ಮೂರೂ ಹತ್ತಿರವಿವೆ, ನೀರು ಎಲ್ಲಿದೆಯೋ ಆನೆ ಅಲ್ಲಿರುತ್ತದೆ. ಆ ವಾರ ಎಲ್ಲಿಗೆ ಹೋಗಬೇಕು ಎಂಬುದನ್ನು ಜೀಪಿನವರನ್ನು, ಹೋಟೆಲಿನವರನ್ನು ಕೇಳಿ ನಿರ್ಧರಿಸಿ. ಮಿನ್ನೇರಿಯದಲ್ಲಿ ನೂರಾರು ಆನೆ ಒಟ್ಟಿಗೆ ಸೇರುವ ದೃಶ್ಯ ಆಗಸ್ಟ್-ಸೆಪ್ಟೆಂಬರಿನದ್ದು, ಏಪ್ರಿಲ್‌ನಲ್ಲಿ ಅದನ್ನು ನಿರೀಕ್ಷಿಸಬೇಡಿ. ಜೀಪಿನ ಕುಲುಕಾಟ ಅತ್ತೆಗೆ ಆಗುವುದಿಲ್ಲ, ಆ ಸಂಜೆ ಅವರು ವಿಶ್ರಾಂತಿ ತೆಗೆದುಕೊಳ್ಳಲಿ. ಆನೆ ಸವಾರಿಗೆ ಯಾರು ಕರೆದರೂ ಹೋಗಬೇಡಿ. ಪಿನ್ನವಲವನ್ನು ಕೈಬಿಡಲು ಹೇಳುವುದೂ ಅದೇ ಕಾರಣಕ್ಕೆ. 1975ರಲ್ಲಿ ಅದು ತಬ್ಬಲಿ ಮರಿಗಳಿಗಾಗಿ ಶುರುವಾಯಿತು. ಸರಪಳಿ, ಅಂಕುಶ, ಪ್ರವಾಸಿಗರ ಗುಂಪಿನ ನಡುವೆ ನಿಂತ ಆನೆಯನ್ನು ನೋಡಲು ನಾಗರಹೊಳೆಯ ನಾಡಿನವರು ಅಷ್ಟು ದೂರ ಹೋಗಬೇಕಿಲ್ಲ. ಯಾಲದ ಚಿರತೆಗೂ ಇದೇ ಮಾತು.

ಹಬರಣದಿಂದ ಪೂರ್ವ ತೀರದ ತ್ರಿಂಕೋಮಲಿಗೆ ಎರಡು ಗಂಟೆಯ ಒಳ್ಳೆಯ ರಸ್ತೆ. ಕಡಲು ಬೇಡ ಎಂದವನು ಮತ್ತೆ ಕಡಲಿಗೇ ಕಳಿಸುತ್ತಿದ್ದೇನೆ, ಏಕೆಂದರೆ ಇದು ಬೇರೆಯೇ ಕಡಲು. ಊರಿನ ಪಕ್ಕದ ನಿಲಾವೆಲಿಯ ದಂಡೆ ಆ ಹೊತ್ತಿಗೆ ಶಾಂತವಾಗಿರುತ್ತದೆ, ತುಂಬ ದೂರದವರೆಗೆ ನೀರು ಆಳವಿಲ್ಲ. ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ ಪಿಜನ್ ಐಲ್ಯಾಂಡ್, ರಾಷ್ಟ್ರೀಯ ಉದ್ಯಾನ. ದಡದ ಪಕ್ಕದಲ್ಲೇ ಹವಳದ ದಿಬ್ಬ, ಬಣ್ಣದ ಮೀನು. ನೇತ್ರಾಣಿಯಲ್ಲಿ ಮುಳುಗಿ ಬಂದವರನ್ನು ಬಿಟ್ಟರೆ ನಮ್ಮೂರ ಮಕ್ಕಳು ಇದನ್ನು ಕಂಡಿರುವುದಿಲ್ಲ. ಲೈಫ್ ಜಾಕೆಟ್ ಹಾಕಿಸದೆ ಇಳಿಸಬೇಡಿ, ಹವಳದ ಮೇಲೆ ಕಾಲಿಡಲು ಬಿಡಬೇಡಿ. ಅದು ಜೀವ, ಮುರಿದರೆ ಬೆಳೆಯಲು ವರ್ಷಗಟ್ಟಲೆ ಬೇಕು. ಅತ್ತೆಗೆ ಇಲ್ಲಿ ಕೋಣೇಶ್ವರ ಇದೆ. ಕಡಲಿಗೆ ಚಾಚಿದ ಕಡಿದಾದ ಬಂಡೆಯ ತುದಿಯಲ್ಲಿ ಶಿವನ ದೇವಸ್ಥಾನ, ಹಳೆಯದನ್ನು ಪೋರ್ಚುಗೀಸರು 1620ರ ದಶಕದಲ್ಲಿ ಕೆಡವಿದರು, ಈಗಿರುವುದು ಕಳೆದ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ದಾರಿ ಹಳೆಯ ಕೋಟೆಯೊಳಗೆ ಹೋಗುತ್ತದೆ, ಚುಕ್ಕೆ ಜಿಂಕೆಗಳು ರಸ್ತೆಯಲ್ಲೇ ಅಡ್ಡಾಡುತ್ತಿರುತ್ತವೆ. ವಾಹನ ದೇವಸ್ಥಾನದ ಹತ್ತಿರದವರೆಗೆ ಹೋಗುತ್ತದೆ. ಸಂಜೆಯ ಪೂಜೆಗೆ ಹೋಗಿ. ಇಲ್ಲಿ ಎರಡು ರಾತ್ರಿ.

ಕೊನೆಯ ಎರಡು ರಾತ್ರಿ ಕ್ಯಾಂಡಿ. ತ್ರಿಂಕೋಮಲಿಯಿಂದ ಐದು ಗಂಟೆ ಹಿಡಿಯುವ ದಾರಿ, ನಡುವೆ ನಿಲ್ಲಬೇಕು. ದಂಬುಳ್ಳದ ಗುಹಾಲಯ ಬಹಳ ಚೆಂದ, ಆದರೆ ಮೆಟ್ಟಿಲು ಹತ್ತಬೇಕು. ಅತ್ತೆಗೆ ಕಷ್ಟ ಎನಿಸಿದರೆ ಅದೇ ದಾರಿಯಲ್ಲಿ ಮುಂದೆ ಸಿಗುವ ನಾಲಂದ ಗೆಡಿಗೆಗೆ ಇಳಿಯಿರಿ. ಹಿಂದೂ ಶೈಲಿಯ ಕಟ್ಟಡದಲ್ಲಿ ಬೌದ್ಧರ ಪೂಜೆ ನಡೆದ ಪುಟ್ಟ ಕಲ್ಲುಗುಡಿ, ಅಣೆಕಟ್ಟೆಯ ನೀರಿನಲ್ಲಿ ಮುಳುಗುವುದನ್ನು ತಪ್ಪಿಸಲು ಕಲ್ಲು ಕಲ್ಲು ಬಿಚ್ಚಿ ಮೇಲೆ ತಂದು ಕಟ್ಟಿದ್ದು. ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ, ಹಾಗಾಗಿ ನೆಮ್ಮದಿಯಿದೆ.

ಕ್ಯಾಂಡಿಯಲ್ಲಿ ದಳದಾ ಮಾಳಿಗಾವ, ಬುದ್ಧನ ದಂತಧಾತು, ಅಂದರೆ ಹಲ್ಲಿನ ಅವಶೇಷ, ಇರುವ ದೇಗುಲ. ಕಳಿಂಗದ ರಾಜಕುಮಾರಿ ಅದನ್ನು ತುರುಬಿನಲ್ಲಿ ಅಡಗಿಸಿ ತಂದಳು ಎಂಬುದು ಅವರ ನಂಬಿಕೆ. ಸಂಜೆ ಆರೂವರೆಯ ಹೊತ್ತಿಗೆ ಡೋಲು, ಶಂಖದ ಸದ್ದಿನಲ್ಲಿ ಬಾಗಿಲು ತೆರೆಯುತ್ತದೆ. ಕಾಣುವುದು ಬಂಗಾರದ ಕರಂಡಕ, ದಂತವಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಎದುರಿನ ಆವರಣದಲ್ಲೇ ವಿಷ್ಣು ದೇವಾಲಯವಿದೆ. ಲಂಕೆಯ ಬೌದ್ಧರು ವಿಷ್ಣುವನ್ನು ದ್ವೀಪದ ಕಾವಲು ದೇವರೆಂದು ನಂಬುತ್ತಾರೆ, ತಟ್ಟೆ ತುಂಬ ಹಣ್ಣು ಜೋಡಿಸಿ ತಂದು ಪೂಜೆ ಕೊಡುತ್ತಾರೆ. ಕೃಷ್ಣಮಠದ ಬೀದಿಯಲ್ಲಿ ಬದುಕಿದ ನಿಮ್ಮ ಅತ್ತೆ ಇದನ್ನು ನೋಡಲೇಬೇಕು. ಮರುದಿನ ಬೆಳಿಗ್ಗೆ ಪೆರಾದೆನಿಯದ ಸಸ್ಯೋದ್ಯಾನ: 1821ರಲ್ಲಿ ಶುರುವಾದದ್ದು, ಅಗಲವಾದ ಸಮತಟ್ಟಾದ ದಾರಿಗಳು, ತಾಳೆ ಜಾತಿಯ ಮರಗಳ ಸಾಲು. ಅತ್ತೆಯ ಕಾಲಿಗೆ ಇಡೀ ಪ್ರವಾಸದಲ್ಲಿ ಅತ್ಯಂತ ಹಗುರಾದ ದಿನ ಅದು.

ಬೆಟ್ಟದ ರೈಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕ್ಯಾಂಡಿಯಿಂದ ಚಹಾ ತೋಟಗಳ ನಡುವೆ ‘ನಾನು ಓಯ’ ನಿಲ್ದಾಣ ದಾಟಿ ‘ಎಲ್ಲ’ ಎಂಬ ಊರಿಗೆ ಹೋಗುವ ಆ ಹಳಿ ನಿಜಕ್ಕೂ ಸುಂದರ. ಆದರೆ ಆರೇಳು ಗಂಟೆಯ ಪ್ರಯಾಣ, ಕಾದಿರಿಸಿದ ಸೀಟು ಮಾರಾಟಕ್ಕೆ ಬಂದ ಕೂಡಲೇ ಖಾಲಿ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತದಲ್ಲಿ ಗುಡ್ಡ ಜರಿದು ಆ ಹಳಿಗೆ ದೊಡ್ಡ ಪೆಟ್ಟು ಬಿತ್ತು. ಯಾವ ಭಾಗದಲ್ಲಿ ಓಡಾಟ ಇದೆ ಎಂದು ಖಚಿತ ಮಾಡಿಕೊಳ್ಳದೆ ರೈಲನ್ನೇ ನಂಬಿ ಹೋಟೆಲ್ ಕಾದಿರಿಸಬೇಡಿ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ಹಳಿಯಲ್ಲಿ ಮಳೆಗಾಲದಲ್ಲಿ ಹೋದವರು ಇದನ್ನು ಬಿಟ್ಟರೂ ನಷ್ಟವಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಊಟ. ಅಲ್ಲಿನ ಅಡುಗೆ ನಿಮಗೆ ಮೊದಲ ದಿನವೇ ಪರಿಚಯದ್ದೆನಿಸುತ್ತದೆ. ಕೆಂಪಕ್ಕಿ ಅನ್ನ, ತೆಂಗಿನಹಾಲು ಹಾಕಿದ ತೊವ್ವೆ, ಗುಜ್ಜೆ ಪಲ್ಯ, ಒಂದೆಲಗದ ತಂಬುಳಿ ಮಾಡುವ ಅದೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಾಯಿತುರಿ ಬೆರೆಸಿದ ಸಂಬೋಲ, ಬೆಳಿಗ್ಗೆ ಒತ್ತು ಶ್ಯಾವಿಗೆ, ಅಪ್ಪ, ಹಬ್ಬಕ್ಕೆ ತೆಂಗಿನಹಾಲಲ್ಲಿ ಬೇಯಿಸಿದ ಅನ್ನ. ರಸ್ತೆ ಬದಿಯಲ್ಲಿ ರಾಶಿ ಹಾಕಿದ ಗೆಂದಾಳಿ ಬೊಂಡ, ಬಾಟಲಿ ನೀರಿಗಿಂತ ಅದೇ ಒಳ್ಳೆಯದು. ಆದರೆ ಒಂದು ವಿಷಯ ಅತ್ತೆಗಾಗಿ ಗಟ್ಟಿಯಾಗಿ ನೆನಪಿಡಿ: ಉಂಬಲಕಡ. ಒಣಗಿಸಿ ಕಟ್ಟಿಗೆಯಂತಾದ ಸೂರೆ (ಟ್ಯೂನಾ) ಮೀನಿನ ಪುಡಿ. ಅದನ್ನು ಅವರು ಮೀನೆಂದೇ ಲೆಕ್ಕ ಹಿಡಿಯುವುದಿಲ್ಲ, ಕಾಯಿ ಚಟ್ನಿಗೆ, ತರಕಾರಿ ಪಲ್ಯಕ್ಕೆ, ಕೆಲವೊಮ್ಮೆ ಸೊಪ್ಪಿಗೂ ಉದುರಿಸುತ್ತಾರೆ. ತರಕಾರಿಯೇ ಎಂದು ಕೇಳಿದರೆ ಹೌದು ಎನ್ನುತ್ತಾರೆ, ಸುಳ್ಳು ಹೇಳುವ ಉದ್ದೇಶ ಅವರಿಗಿರುವುದಿಲ್ಲ. ನೀವು ‘ಉಂಬಲಕಡ ಬೇಡ’ ಎಂದು ಆ ಹೆಸರು ಹಿಡಿದೇ ಹೇಳಬೇಕು, ಪ್ರತಿ ಊಟಕ್ಕೂ.

ನೀರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಹೋಟೆಲಿನಲ್ಲಿ ಸಿಗುತ್ತದೆ ಎಂದು ನಂಬಬೇಡಿ. ತಮಿಳರ ಸೈವ ಹೋಟೆಲುಗಳಲ್ಲಿ ಮೀನು-ಮಾಂಸದ ಭಯವಿಲ್ಲ, ತ್ರಿಂಕೋಮಲಿ, ಕ್ಯಾಂಡಿಯಲ್ಲಿ ಅವು ಇವೆ. ಸಾಂಬಾರಿಗೆ ನೀರುಳ್ಳಿ ಅಲ್ಲೂ ಬೀಳುತ್ತದೆ. ನನ್ನ ಸಲಹೆ, ದೊಡ್ಡ ರೆಸಾರ್ಟಿನ ಬದಲು ಮನೆಯವರೇ ನಡೆಸುವ ಗೆಸ್ಟ್‌ಹೌಸ್ ಹಿಡಿಯಿರಿ. ಹಬರಣದಲ್ಲೂ ಕ್ಯಾಂಡಿಯಲ್ಲೂ ಬೇಕಾದಷ್ಟಿವೆ, ಅಡುಗೆಮನೆಯಲ್ಲಿ ಆ ಮನೆಯ ಅಮ್ಮನೇ ನಿಂತಿರುತ್ತಾರೆ. ಹಿಂದಿನ ರಾತ್ರಿ ಹೇಳಿದರೆ ಬೇಳೆ, ಗುಜ್ಜೆ, ಕುಂಬಳಕಾಯಿ ಇವನ್ನು ಅತ್ತೆಗೆ ಬೇಕಾದ ಹಾಗೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ. ಜೊತೆಗೆ ಸಣ್ಣ ಎಲೆಕ್ಟ್ರಿಕ್ ಕುಕ್ಕರ್, ಅವಲಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ ಪೆಟ್ಟಿಗೆಯಲ್ಲಿರಲಿ. ಉಪ್ಪಿನಕಾಯಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ಅಲ್ಲಿನ ಪ್ಲಗ್ ಹಲವು ಕಡೆ ಮೂರು ಚಪ್ಪಟೆ ಕಡ್ಡಿಯದ್ದು, ಅಡಾಪ್ಟರ್ ಬೇಕು.

ಕಾರು ಮತ್ತು ಚಾಲಕ ಒಟ್ಟಿಗೇ ಸಿಗುತ್ತಾರೆ, ಅದೇ ಅಲ್ಲಿನ ರೂಢಿ. ಐದು ಜನ, ಪೆಟ್ಟಿಗೆಗಳು ಎಂದರೆ ವ್ಯಾನ್ ಬೇಕು. ಅತ್ತೆಗೆ ಏರಲು ಮೆಟ್ಟಿಲು ತಗ್ಗಿದೆಯೇ ಕೇಳಿ. ಚಾಲಕನ ಊಟ, ವಸತಿ ದರದಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮೊದಲ ದಿನವೇ ನಗುತ್ತಲೇ ಸ್ಪಷ್ಟವಾಗಿ ಹೇಳಿ: ಸಂಬಾರ ತೋಟ,ರತ್ನದ ಅಂಗಡಿ, ಬಾಟಿಕ್ ಅಂಗಡಿಗೆ ನಿಲ್ಲಿಸಬೇಡಿ ಎಂದು. ಕಮಿಷನ್ ಅವರ ಸಂಪಾದನೆಯ ಭಾಗ, ಆ ನಷ್ಟವನ್ನು ಕೊನೆಯಲ್ಲಿ ಒಳ್ಳೆಯ ಭಕ್ಷೀಸಿನಲ್ಲಿ ತುಂಬಿಕೊಡಿ. ಅಡಿಕೆ ಮರಕ್ಕೆ ಕರಿಮೆಣಸು ಹಬ್ಬಿಸುವ ಊರಿನವರು ಮಾತಳೆಯ ಸಂಬಾರ ತೋಟದಲ್ಲಿ ದುಡ್ಡು ಕೊಟ್ಟು ಕರಿಮೆಣಸಿನ ಬಳ್ಳಿ ನೋಡುವುದೇಕೆ? ಅಲ್ಲಿಂದ ತರಬೇಕಾದದ್ದು ಒಂದೇ, ಅವರ ದಾಲ್ಚಿನ್ನಿ. ತೆಳ್ಳಗೆ ಸುರುಳಿಯ ಒಳಗೆ ಸುರುಳಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ಅಂಗಡಿಯ ದಪ್ಪ ತೊಗಟೆಗೂ ಇದಕ್ಕೂ ಹೋಲಿಕೆಯಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳಿ, ಬೆಲೆ ಚೀಟಿ ಮೇಲೇ ಇರುತ್ತದೆ.

ಬಜ್ಪೆಯಿಂದ ಕೊಲಂಬೊಗೆ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಒಂದೂವರೆ ಗಂಟೆ. ಬಜ್ಪೆ-ಬೆಂಗಳೂರು, ಬೆಂಗಳೂರು-ಕೊಲಂಬೊ ಎಂದು ಎರಡು ಪ್ರತ್ಯೇಕ ಟಿಕೆಟ್ ತೆಗೆದು ನಡುವೆ ಮೂರು ಗಂಟೆ ಇಟ್ಟುಕೊಳ್ಳುವವರಿದ್ದಾರೆ. ಏಪ್ರಿಲ್ ಸಂಜೆಯ ಗುಡುಗು ಮಳೆಗೆ ಮೊದಲ ವಿಮಾನ ತಡವಾದರೆ ಎರಡನೆಯದರ ಹಣ ಯಾರೂ ಕೊಡುವುದಿಲ್ಲ. ಹಿಂದಿನ ರಾತ್ರಿಯ ಬಸ್ಸಿನಲ್ಲೋ ಪಂಚಗಂಗಾ ರೈಲಿನಲ್ಲೋ ಬೆಂಗಳೂರು ಸೇರಿ, ಅರ್ಧ ದಿನ ಸುಧಾರಿಸಿಕೊಂಡು ಹೊರಡುವುದೇ ನೆಮ್ಮದಿ. ನಾಗಪಟ್ಟಿನಂನಿಂದ ಜಾಫ್ನಾ ಕಡೆಗೆ 2023ರಲ್ಲಿ ಮತ್ತೆ ಶುರುವಾದ ಹಡಗಿದೆ, ಹವಾಮಾನ ನೋಡಿ ನಿಲ್ಲುತ್ತದೆ, ಹಿರಿಯರೊಂದಿಗೆ ಬೇಡ. ಕೊಲಂಬೊದ ವಿಮಾನ ನಿಲ್ದಾಣವಿರುವ ಕಟುನಾಯಕೆಯಲ್ಲಿ ಇಳಿದ ರಾತ್ರಿ ಪಕ್ಕದ ನೆಗೊಂಬೊದಲ್ಲೇ ಮಲಗಿ, ಹಬರಣಕ್ಕೆ ನಾಲ್ಕು ಗಂಟೆಯ ದಾರಿ ಬೆಳಿಗ್ಗೆ ಹಿಡಿಯಿರಿ. ಅಲ್ಲಿಗೆ ನಿಮ್ಮ ಎಂಟು ರಾತ್ರಿ ಸರಿಹೋಗುತ್ತದೆ.

ಮಾಲ್ಡೀವ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿರುವುದು ಕಡಲು, ಹವಳ, ವಿಶ್ರಾಂತಿ. ಗಂಡ-ಹೆಂಡತಿ ಇಬ್ಬರೇ ಹೋಗುವುದಾದರೆ ಚೆಂದ. ನೀರಿಗಿಳಿಯದ ಅತ್ತೆಗೂ ಒಂದು ಕಡೆ ಕೂರದ ಮಗನಿಗೂ ಮೂರನೇ ದಿನಕ್ಕೆ ಬೇಸರ ಬರುತ್ತದೆ, ಹೊರಗಿನಿಂದ ಬರುವ ತರಕಾರಿಯ ಬೆಲೆಯೂ ಹಾಗೆಯೇ ಇರುತ್ತದೆ.

ಹಣಕ್ಕೆ, ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಹೆಚ್ಚು ರೂಪಾಯಿ ಬರುತ್ತದೆ, ಹೊರಡುವ ವಾರ ದರ ನೋಡಿಕೊಳ್ಳಿ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ನಡೆಯುತ್ತದೆ, ನಿಮ್ಮ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಇಲ್ಲಿಂದಲೇ ತೆರೆದುಕೊಂಡು ಹೋಗಿ. ಬೊಂಡದ ಅಂಗಡಿ, ಜೀಪು, ದೇವಸ್ಥಾನಕ್ಕೆ ನಗದು ಬೇಕೇ ಬೇಕು. ಪ್ರವೇಶಾನುಮತಿಯನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ಮೊದಲೇ ಪಡೆಯಿರಿ. ಅದೇ ರೂಪದ ಬೇರೆ ತಾಣಗಳು ಹೆಚ್ಚು ಹಣ ಕೀಳುತ್ತವೆ. ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಏನಿದೆಯೋ ಅದೇ ಲೆಕ್ಕ. ಮಲೇರಿಯಾವನ್ನು ಆ ದೇಶ ಪೂರ್ತಿ ತೊಡೆದುಹಾಕಿದೆ, ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದನ್ನು ದೃಢಪಡಿಸಿತು. ಡೆಂಗಿ ಮಾತ್ರ ಇದೆ, ಹಗಲಿನಲ್ಲೂ ಮೈ ತುಂಬ ಬಟ್ಟೆ, ಸೊಳ್ಳೆ ಮುಲಾಮು ಇರಲಿ. ಅತ್ತೆಯ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಡಿ, ಎಪ್ಪತ್ತು ದಾಟಿದವರ ಪ್ರವಾಸ ವಿಮೆಗೆ ಷರತ್ತುಗಳು ಬೇರೆ, ಓದಿಯೇ ಸಹಿ ಹಾಕಿ.

ಅದೇ ಏಜೆನ್ಸಿಯವರಿಗೆ ಈ ದಾರಿ ಕೊಟ್ಟು ಬೆಲೆ ಕೇಳಿ: ನೆಗೊಂಬೊ ಒಂದು, ಹಬರಣ ಮೂರು, ನಿಲಾವೆಲಿ ಎರಡು, ಕ್ಯಾಂಡಿ ಎರಡು. ಮಾಡಿಕೊಡುವುದಿಲ್ಲ ಎಂದರೆ ಬೇರೆಯವರನ್ನು ನೋಡಿ. ಅದಕ್ಕೂ ಮೊದಲು ಇವತ್ತೇ ಎಲ್ಲರ ಪಾಸ್‌ಪೋರ್ಟ್ ತೆಗೆದು ತಾರೀಖು ನೋಡಿ. ಹೊರಡುವ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷದ್ದು, ದೊಡ್ಡವರದ್ದು ಸರಿಯಿದ್ದು ಅವರದ್ದು ಮುಗಿದುಹೋಗಿರುವುದು ಬಹಳ ಮನೆಗಳಲ್ಲಿ ಆಗುತ್ತದೆ. ನವೀಕರಿಸಬೇಕಾದರೆ ರಜೆ ಹತ್ತಿರ ಬಂದಂತೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಸಿಗುವುದು ಕಷ್ಟ, ಈಗಲೇ ಅರ್ಜಿ ಹಾಕಿಬಿಡಿ.